ದಿ ಡಾರ್ಕ್ ನೈಟ್: ಕೊನೆಯ ಮುಕ್ಕಾಲು ಗಂಟೆ ಎಳೆದಿದ್ದಾರಾ, ಓಡಿಸಿದ್ದಾರಾ?

ಕತ್ತರಿಪ್ರಯೋಗ

ಕ್ರಿಸ್ಟೋಫರ್ ನೋಲನ್ ಅವರ ಬ್ಯಾಟ್‌ಮನ್ ಸಿನಿಮಾ 'ದಿ ಡಾರ್ಕ್ ನೈಟ್' ಬಗ್ಗೆ ಎಲ್ಲೇ ಮಾತು ಬರಲಿ, ಒಂದು ದೂರು ಇದ್ದೇ ಇರುತ್ತದೆ. ವಿಲನ್ ಜೋಕರ್ ಆಸ್ಪತ್ರೆ ಉಡಾಯಿಸುವ ತನಕ ಸಖತ್, ಆಮೇಲೆ ಲ್ಯಾಗ್, ಅಂದರೆ ಬರೀ ಎಳೆತ. ಬಾಂಬ್ ಇಟ್ಟ ಎರಡು ಹಡಗು, ಫೋನ್‌ಗಳಿಂದ ಊರಿನ ನಕ್ಷೆ ಎಳೆಯುವ ಸೋನಾರ್, ಕೊನೆಗೆ ಪೊಲೀಸ್ ಅಧಿಕಾರಿ ಗಾರ್ಡನ್ ಕುಟುಂಬದ ಮುಂದೆ ಬಂದೂಕು ಹಿಡಿದು ನಿಂತ ಹಾರ್ವಿ ಡೆಂಟ್, ಇಷ್ಟೆಲ್ಲ ಯಾಕೆ ಬೇಕಿತ್ತು ಅನ್ನುತ್ತಾರೆ.

ನನಗೆ ಅನ್ನಿಸುವುದು ಇದಕ್ಕೆ ಪೂರ್ತಿ ಉಲ್ಟಾ. ಕೊನೆಯ ಮುಕ್ಕಾಲು ಗಂಟೆಯಲ್ಲಿ ಸಿನಿಮಾ ವಿಪರೀತ ಅವಸರ ಮಾಡಿದೆ. ನಮಗೆ ಸುಸ್ತಾಗುವುದೇ ಅದಕ್ಕೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. 2008ರ ಜುಲೈನಲ್ಲಿ ಬಂದ ಈ ಚಿತ್ರ 152 ನಿಮಿಷದ್ದು. ಇಷ್ಟು ಹೊತ್ತಿನಲ್ಲಿ ಯಾರು ಬದಲಾಗುತ್ತಾರೆ ಅಂತ ನೋಡಿ. ಜೋಕರ್ ಬದಲಾಗುವುದೇ ಇಲ್ಲ. ಬ್ಯಾಂಕ್ ದರೋಡೆಯಲ್ಲಿ ಹೇಗಿದ್ದನೋ, ಕೊನೆಗೆ ತಲೆಕೆಳಗಾಗಿ ನೇತಾಡುವಾಗಲೂ ಹಾಗೇ ನಗುತ್ತಿರುತ್ತಾನೆ. ಬ್ರೂಸ್ ವೇಯ್ನ್, ಅಂದರೆ ಬ್ಯಾಟ್‌ಮನ್, ಮುಖವಾಡ ಬಿಡಬೇಕು ಅಂದುಕೊಂಡಿದ್ದವನು, ಬಿಡೋಕಾಗದೆ ಉಳಿಯುತ್ತಾನೆ. ಬುಡಸಮೇತ ಬದಲಾಗುವವನು ಡೆಂಟ್ ಒಬ್ಬನೇ. ಊರಿನ ಗೂಂಡಾಗಳನ್ನೆಲ್ಲ ಒಟ್ಟಿಗೆ ಕೋರ್ಟಿಗೆ ಎಳೆದು ತಂದ ಸರ್ಕಾರಿ ವಕೀಲ, ಕೊನೆಗೆ ಒಂದು ಮಗುವಿನ ತಲೆಗೆ ಬಂದೂಕು ಇಡುತ್ತಾನೆ. ಕಥೆಯ ಬೆನ್ನುಮೂಳೆ ಅವನೇ.

ಹಾಗಿದ್ದ ಮೇಲೆ ಅವನು ಬೀಳುವುದಕ್ಕೆ ಎಷ್ಟು ಜಾಗ ಸಿಕ್ಕಿದೆ? ಆಸ್ಪತ್ರೆಯ ಮಂಚದ ಮೇಲೆ ಜೋಕರ್ ಜೊತೆ ಒಂದು ಮಾತುಕತೆ. ಬಾರ್‌ನಲ್ಲಿ ಒಬ್ಬ ಪೊಲೀಸನ ಕೊಲೆ. ಗೂಂಡಾ ನಾಯಕ ಮರೋನಿಯ ಕಾರಿನಲ್ಲಿ ಒಂದು ಸಣ್ಣ ಸೀನ್. ಅಷ್ಟೇ, ಸೀದಾ ಗಾರ್ಡನ್ ಕುಟುಂಬ. ಮಧ್ಯದಲ್ಲಿ ಸಿನಿಮಾ ಹಡಗಿಗೂ ಕಟ್ಟಡಕ್ಕೂ ಓಡಾಡುತ್ತಲೇ ಇರುತ್ತದೆ. ಡೆಂಟ್‌ನ ಸುಟ್ಟ ಮುಖ ನೋಡಿ ನಾವು ಗಾಬರಿಯಾಗುತ್ತೇವೆ, ಸರಿ. ಆದರೆ ಅವನ ಮನಸ್ಸು ಯಾವ ಗಳಿಗೆಯಲ್ಲಿ ಮುರಿಯಿತು ಅಂತ ನೋಡುವ ಅವಕಾಶವನ್ನೇ ಕೊಡಲಿಲ್ಲ.

ಒಪ್ಪದವರು ಬನ್ನಿ, ಜಗಳ ಆಡೋಣ.

ಬಾಲ್ಕನಿ ಸೀಟು

ಬಂದೆ ಗುರು. ನಾನು ಲ್ಯಾಗ್ ಪಾರ್ಟಿ.

ಬ್ರೂಸ್, ಡೆಂಟ್ ಇಬ್ಬರೂ ಪ್ರೀತಿಸುವ ರೇಚೆಲ್ ಸಾಯುವ ಸೀನ್ ತಗೊಳ್ಳಿ. ಅದಕ್ಕಿಂತ ದೊಡ್ಡದು ಈ ಸಿನಿಮಾದಲ್ಲಿ ಇನ್ನೇನಿದೆ? ಜೋಕರ್ ಕಡೆಯವರು ಅವಳನ್ನೂ ಡೆಂಟ್‌ನನ್ನೂ ಬೇರೆ ಬೇರೆ ಕಡೆ ಬಾಂಬ್ ಜೊತೆ ಕಟ್ಟಿಹಾಕಿದ್ದಾರೆ. ಒಂದು ಕಡೆ ಬ್ಯಾಟ್‌ಮನ್ ಬೈಕ್, ಇನ್ನೊಂದು ಕಡೆ ಗಾರ್ಡನ್‌ನ ಪೊಲೀಸ್ ಕಾರುಗಳು, ಮೂರನೆಯದು ಸ್ಟೇಷನ್‌ನಲ್ಲಿ ಹೊಟ್ಟೆಯೊಳಗೆ ಬಾಂಬ್ ಹೊಲಿಸಿಕೊಂಡು ನರಳುತ್ತಿರುವ ಕೈದಿ. ಮೂರೂ ಎಳೆ ಒಂದೇ ಹೊತ್ತಿಗೆ ಸಿಡಿಯುತ್ತವೆ. ಬ್ಯಾಟ್‌ಮನ್ ಬಾಗಿಲು ಒಡೆದು ಒಳಗೆ ಹೋದರೆ ಇರುವುದು ಡೆಂಟ್. ಜೋಕರ್ ವಿಳಾಸ ಅದಲುಬದಲು ಹೇಳಿದ್ದ ಅಂತ ನಮಗೆ ತಿಳಿಯುವುದೇ ಆಗ. ಆ ಕಡೆ ರೇಚೆಲ್ ಮಾತು ಅರ್ಧಕ್ಕೇ ನಿಲ್ಲುತ್ತದೆ. ಸಮಾಧಾನ ಹೇಳುತ್ತಿದ್ದವಳ ವಾಕ್ಯವೂ ಮುಗಿಯುವುದಿಲ್ಲ.

ಇಷ್ಟಾದ ಮೇಲೆ ಎರಡು ಹಡಗಿನ ತುಂಬ ಗುರುತೇ ಇಲ್ಲದ ಜನರನ್ನು ತಂದು ಕೂರಿಸಿ, ಇವರು ಬದುಕುತ್ತಾರಾ ಸಾಯುತ್ತಾರಾ ಅಂತ ಕೇಳಿದರೆ ನಾನು ಏನು ಹೇಳಲಿ? ಒಬ್ಬರ ಹೆಸರೂ ಗೊತ್ತಿಲ್ಲ. ಪಣ ದೊಡ್ಡದು ಮಾಡಿದರು, ಆದರೆ ನನ್ನವರು ಅಂತ ಯಾರೂ ಅಲ್ಲಿಲ್ಲ. ಇದಕ್ಕೇ ನಾನು ಲ್ಯಾಗ್ ಅನ್ನುವುದು. ಎಷ್ಟು ನಿಮಿಷ ಅಂತ ಗಡಿಯಾರ ನೋಡಿ ಏನುಪಯೋಗ?

ಗಾಂಧಿನಗರದ ಅಸಿಸ್ಟೆಂಟ್

ಕತ್ತರಿ ಸಾರ್ ಹೇಳಿದ್ದಕ್ಕೆ ನನ್ನ ವೋಟು. ಅವಸರ ಕೊನೆಯಲ್ಲಿ ಶುರುವಾದದ್ದೂ ಅಲ್ಲ, ಮೊದಲಿಂದಲೂ ಇದೆ.

ಬ್ರೂಸ್ ಮನೆಯ ಪಾರ್ಟಿ ಸೀನ್ ನೆನಪಿಸಿಕೊಳ್ಳಿ. ಜೋಕರ್ ಡೆಂಟ್‌ನನ್ನು ಹುಡುಕಿಕೊಂಡು ನುಗ್ಗುತ್ತಾನೆ. ರೇಚೆಲ್‌ಳನ್ನು ಕಿಟಕಿಯಿಂದ ಆಚೆ ಬಿಡುತ್ತಾನೆ. ಬ್ಯಾಟ್‌ಮನ್ ಹಿಂದೆಯೇ ಹಾರಿ ಅವಳನ್ನು ಹಿಡಿದು ಕೆಳಗೆ ಕಾರಿನ ಮೇಲೆ ಬೀಳುತ್ತಾನೆ. ಅವಳು ಉಳಿದಳು. ಕಟ್. ಮುಂದಿನ ಸೀನ್.

ಮೇಲೆ ಜೋಕರ್ ಏನಾದ? ಅಷ್ಟೊಂದು ಅತಿಥಿಗಳು ಅಲ್ಲೇ ಇದ್ದಾರೆ, ಡೆಂಟ್ ಕೂಡ ಅದೇ ಮನೆಯಲ್ಲಿ ಅಡಗಿಸಿಟ್ಟಿರುವ ಸ್ಥಿತಿಯಲ್ಲಿದ್ದಾನೆ, ಹುಡುಕೋಕೆ ಬಂದವನು ಬರಿಗೈಯಲ್ಲಿ ಹೋದನಾ? ಸಿನಿಮಾ ಉತ್ತರ ಕೊಡುವುದಿಲ್ಲ. ಥಿಯೇಟರ್‌ನಲ್ಲಿ ಕೂತಾಗ ನಾವೂ ಕೇಳುವುದಿಲ್ಲ, ಯಾಕಂದ್ರೆ ಮ್ಯೂಸಿಕ್ ನಿಂತಿರುವುದಿಲ್ಲ. ಹಾನ್ಸ್ ಜಿಮ್ಮರ್ ಮತ್ತು ಜೇಮ್ಸ್ ನ್ಯೂಟನ್ ಹೋವರ್ಡ್ ಕೊಟ್ಟ ಸಂಗೀತ ಒಂದು ಸೀನ್‌ನಲ್ಲಿ ಶುರುವಾಗಿ ಎರಡು ಸೀನ್ ದಾಟಿ ಮೂರನೆಯದರಲ್ಲಿ ಮುಗಿಯುತ್ತದೆ. ಸೀನ್ ಮುಗಿಯಿತು ಅಂತ ಮೆದುಳಿಗೆ ಗೊತ್ತಾಗುವ ಮೊದಲೇ ಮುಂದಿನದರೊಳಗೆ ಇರುತ್ತೇವೆ.

ಸಂಕಲನ ಲೀ ಸ್ಮಿತ್ ಅವರದ್ದು. ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು, ಪ್ರಶಸ್ತಿ ಹೋಗಿದ್ದು 'ಸ್ಲಮ್‌ಡಾಗ್ ಮಿಲಿಯನೇರ್'ಗೆ. ಅವರ ಕೈಚಳಕದ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ನಮ್ಮ ಎಡಿಟಿಂಗ್ ರೂಮಿನಲ್ಲಿ ಹೀಗೆ ಸೀನ್‌ನ ಬಾಲ ಕತ್ತರಿಸಿದರೆ, ಜೋಕರ್ ಎಲ್ಲಿ ಹೋದ ಅಂತ ನಿರ್ಮಾಪಕರೇ ಮೊದಲು ಕೇಳುತ್ತಾರೆ.

ಸ್ಕ್ರಿಪ್ಟ್ ಬರೆಯೋನು

ಇಲ್ಲಿ ಗಡುವಿನ ವಿಷಯ ಯಾರೂ ಎತ್ತಲಿಲ್ಲ. ಈ ಚಿತ್ರಕಥೆ ಓಡುವುದೇ ಗಡುವಿನ ಮೇಲೆ.

ಬ್ಯಾಟ್‌ಮನ್ ಮುಖವಾಡ ತೆಗೆಯುವ ತನಕ ದಿನಾ ಜನ ಸಾಯುತ್ತಾರೆ. ಇದು ಮೊದಲನೆಯದು. ಆಮೇಲೆ ರೇಚೆಲ್, ಡೆಂಟ್ ಇಬ್ಬರಲ್ಲಿ ಒಬ್ಬರನ್ನು ಉಳಿಸಿಕೊಳ್ಳೋಕೆ ಕೆಲವೇ ನಿಮಿಷ. ಆಮೇಲೆ ಬ್ಯಾಟ್‌ಮನ್ ಯಾರು ಅಂತ ಹೇಳೋಕೆ ಟಿವಿಯಲ್ಲಿ ಕೂತ ಕೋಲ್ಮನ್ ರೀಸ್‌ನನ್ನು 60 ನಿಮಿಷದಲ್ಲಿ ಯಾರಾದರೂ ಕೊಲ್ಲಬೇಕು, ಇಲ್ಲದಿದ್ದರೆ ಒಂದು ಆಸ್ಪತ್ರೆ ಉಡೀಸ್. ಕೊನೆಗೆ ಹಡಗುಗಳಿಗೆ ಮಧ್ಯರಾತ್ರಿ ತನಕ ಟೈಮ್. ಜೋಕರ್‌ಗೆ ದುಡ್ಡು ಬೇಡ, ಊರೂ ಬೇಡ. ಹಾಗಾಗಿ ಬೇರೆ ವಿಲನ್‌ಗಳ ತರಹ "ಅವನ ಯೋಜನೆ ತಡೀಬೇಕು" ಅನ್ನುವ ಒಂದೇ ಗುರಿಯ ಮೇಲೆ ಕಥೆ ನಡೆಸೋಕಾಗುವುದಿಲ್ಲ. ಪ್ರತಿ ಸಲ ಹೊಸ ಗಡುವು ಹುಟ್ಟಿಸಬೇಕು.

ಇದರಲ್ಲಿ ಒಂದು ಅಪಾಯ ಇದೆ. ಗಡುವು ಮುಗಿದಾಗ ಪ್ರೇಕ್ಷಕ ಒಳಗೊಳಗೇ ಕ್ಲೈಮ್ಯಾಕ್ಸ್ ಆಯ್ತು ಅಂದುಕೊಳ್ಳುತ್ತಾನೆ. ಈ ಸಿನಿಮಾದಲ್ಲಿ ಹಾಗೆ ನಾಲ್ಕು ಸಲ ಅನ್ನಿಸುತ್ತದೆ. ಬಾಲ್ಕನಿಯವರಿಗೆ ಸುಸ್ತಾಗಿದ್ದು ಇಲ್ಲೇ ಇರಬೇಕು. ಲಾರಿ ಪಲ್ಟಿಯಾಗಿ ಜೋಕರ್ ಸಿಕ್ಕಿಬಿದ್ದಾಗ ಬೇರೆ ಯಾವ ಸಿನಿಮಾ ಆದರೂ ಮುಗಿದುಹೋಗುತ್ತಿತ್ತು. ಗಾರ್ಡನ್ ಸತ್ತಿಲ್ಲ ಅಂತ ಗೊತ್ತಾಯ್ತು, ವಿಲನ್ ಲಾಕಪ್‌ನಲ್ಲಿ, ಗಾರ್ಡನ್‌ಗೆ ಬಡ್ತಿಯೂ ಸಿಕ್ಕಿತು. ಇನ್ನೂ ಒಂದು ಗಂಟೆ ಬಾಕಿ ಇದೆ!

ಬಾಲ್ಕನಿ ಸೀಟು

ಸ್ಕ್ರಿಪ್ಟ್ ಬರೆಯೋನು, ಅದೇ ನಾನು ಹೇಳಿದ್ದು. ನೀವು ಸ್ವಲ್ಪ ಮರ್ಯಾದೆಯಾಗಿ ಹೇಳಿದಿರಿ.

ಇನ್ನೊಂದು ಮಾತು. ನಮ್ಮಲ್ಲಿ ಇಂಟರ್ವಲ್ ಬೇರೆ ಹಾಕುತ್ತಾರಲ್ಲ. ನೋಲನ್ ಇಂಟರ್ವಲ್ ಇಟ್ಟು ಬರೆದಿಲ್ಲ, ಥಿಯೇಟರ್‌ನವರು ಸುಮ್ನೆ ಮಧ್ಯ ನೋಡಿ ಕತ್ತರಿಸುತ್ತಾರೆ. ನಾನು ನೋಡಿದ ಕಡೆ ಡೆಂಟ್ ಪತ್ರಿಕಾಗೋಷ್ಠಿಯಲ್ಲಿ ನಾನೇ ಬ್ಯಾಟ್‌ಮನ್ ಅಂದ ಕೂಡಲೇ ಲೈಟ್ ಬಿತ್ತು. ಪಾಪ್‌ಕಾರ್ನ್ ತಿಂದು ಬಂದು ಕೂತರೆ ಸೀದಾ ಚೇಸ್. ನಮಗೆ ಅದೊಂದು ಪಕ್ಕಾ ಇಂಟರ್ವಲ್ ಬ್ಲಾಕ್. ಆಮೇಲೆ ಒಂದು ಗಂಟೆಯಲ್ಲಿ ಬಿಡುತ್ತಾರೆ ಅಂತ ಮೈ ಮೊದಲೇ ತಯಾರಾಗಿರುತ್ತದೆ. ಸೆಕೆಂಡ್ ಹಾಫ್ ಉದ್ದ ಅನ್ನಿಸೋಕೆ ಇದೂ ಒಂದು ಕಾರಣ ಇರಬಹುದು.

ಡೆಟ್ರಾಯಿಟ್ ಕನ್ನಡಿಗ

ನಾನು ಇಲ್ಲಿ ಐಮ್ಯಾಕ್ಸ್‌ನಲ್ಲಿ ಇಂಟರ್ವಲ್ ಇಲ್ಲದೆ ನೋಡಿದ್ದು. ಆ ಲೆಕ್ಕದಲ್ಲಿ ಹೇಳಬೇಕಂದರೆ ಓಟ ಬೇರೆ ತರಹವೇ ಇತ್ತು.

ಸುಮಾರು 28 ನಿಮಿಷದಷ್ಟು ಭಾಗವನ್ನು ಐಮ್ಯಾಕ್ಸ್ ಕ್ಯಾಮೆರಾದಲ್ಲೇ ತೆಗೆದಿದ್ದರು. ಆ ಸೀನ್ ಬಂದಾಗ ಪರದೆ ಮೇಲಕ್ಕೂ ಕೆಳಕ್ಕೂ ತುಂಬಿಕೊಳ್ಳುತ್ತದೆ. ಶುರುವಿನ ಬ್ಯಾಂಕ್ ದರೋಡೆ ಹಾಗೆ. ಹಾಂಗ್‌ಕಾಂಗ್‌ನಲ್ಲಿ ಕಟ್ಟಡದ ತುದಿಯಲ್ಲಿ ಬ್ಯಾಟ್‌ಮನ್ ನಿಂತಿರುವುದೂ ಹಾಗೆ. ಆ ಶಾಟ್‌ಗಳನ್ನು ಸ್ವಲ್ಪ ಹೆಚ್ಚು ಹೊತ್ತು ಬಿಟ್ಟಿದ್ದಾರೆ, ಕಣ್ಣು ಒಂದು ಸುತ್ತು ಹಾಕಿಕೊಂಡು ಬರೋಕೆ ಟೈಮ್ ಸಿಗುತ್ತದೆ. ಮನೆಯಲ್ಲಿ ಟಿವಿಯಲ್ಲಿ ನೋಡುವವರಿಗೆ ಈ ಬಿಡುವು ಅಷ್ಟಾಗಿ ತಟ್ಟುವುದಿಲ್ಲ.

ಶಬ್ದದ ಬಗ್ಗೆಯೂ ಹೇಳಲೇಬೇಕು. ಬ್ಯಾಟ್‌ಪಾಡ್ ಅಂತ ಆ ಬೈಕ್ ಇದೆಯಲ್ಲ, ಅದರ ಸದ್ದು ಏರುತ್ತಲೇ ಹೋಗುತ್ತದೆ, ಗೇರ್ ಬದಲಾಗುವ ಸದ್ದು ಇಲ್ಲ, ಇಳಿಯುವುದೂ ಇಲ್ಲ. ಅದಕ್ಕೆ ಶೆಪರ್ಡ್ ಟೋನ್ ಅನ್ನುವ ಉಪಾಯ ಬಳಸಿದ್ದಾರೆ. ಒಂದೇ ಸ್ವರ ಬೇರೆ ಬೇರೆ ಸ್ಥಾಯಿಗಳಲ್ಲಿ ಒಟ್ಟಿಗೆ ಏರುತ್ತದೆ. ಮೇಲಿನದು ಮೆಲ್ಲಗೆ ಕರಗುವಾಗ ಕೆಳಗಿಂದ ಇನ್ನೊಂದು ಸೇರಿಕೊಳ್ಳುತ್ತದೆ. ಕಿವಿಗೆ ಮಾತ್ರ ಅದು ನಿಲ್ಲದೆ ಮೇಲೇರುತ್ತಿದೆ ಅನ್ನಿಸುತ್ತದೆ. ಸೌಂಡ್ ಎಡಿಟಿಂಗ್‌ಗೆ ರಿಚರ್ಡ್ ಕಿಂಗ್ ಅವರಿಗೆ ಆಸ್ಕರ್ ಬಂತು. ನೋಲನ್ ಇದೇ ಉಪಾಯವನ್ನು ಚಿತ್ರಕಥೆಗೇ ಹಾಕಿ 2017ರಲ್ಲಿ 'ಡಂಕರ್ಕ್' ಬರೆದರು. ನನ್ನ ಕೇಳಿದರೆ 'ಡಾರ್ಕ್ ನೈಟ್'ನಲ್ಲೇ ಅದು ಅರ್ಧ ಆಗಿಹೋಗಿತ್ತು. ಒಂದು ಎಳೆ ಇಳಿಯುವ ಮೊದಲೇ ಇನ್ನೊಂದು ಎಳೆ ಏರೋಕೆ ಶುರುವಾಗಿರುತ್ತದೆ. ಡೆಂಟ್ ವಿಷಯದಲ್ಲಿ ಕತ್ತರಿಯವರು ಕೇಳುವ ಬಿಡುವು ಈ ವಿನ್ಯಾಸದಲ್ಲಿ ಸಿಗುವುದು ಕಷ್ಟ.

ಮಲೆನಾಡ ಹುಡುಗಿ

ಬಿಡುವೇ ಇಲ್ಲ ಅನ್ನಬೇಡಿ. ಒಂದು ಕಡೆ ಇದೆ, ಅದೂ ಎಲ್ಲಿ ಬೇಕೋ ಅಲ್ಲೇ.

ರೇಚೆಲ್ ಸತ್ತಿದ್ದಾಳೆ, ಜೋಕರ್ ಸ್ಟೇಷನ್‌ನಿಂದ ತಪ್ಪಿಸಿಕೊಂಡಿದ್ದಾನೆ. ಪೊಲೀಸ್ ಕಾರಿನ ಕಿಟಕಿಯಿಂದ ತಲೆ ಆಚೆ ಹಾಕಿ ಗಾಳಿಗೆ ಕೂದಲು ಹಾರಿಸಿಕೊಂಡು ಹೋಗುತ್ತಾನೆ. ಆಗ ಊರಿನ ಸದ್ದೆಲ್ಲ ಇಳಿದುಬಿಡುತ್ತದೆ. ಅಷ್ಟು ಹೊತ್ತು ಕಿವಿಗೆ ಬಡಿದ ಗದ್ದಲದ ನಂತರ ಆ ಶಾಟ್. ಆಮೇಲೆ ಬ್ರೂಸ್ ಮನೆ ನೋಡಿಕೊಳ್ಳುವ ಆಲ್ಫ್ರೆಡ್ ತಿಂಡಿಯ ಜೊತೆ ಇಟ್ಟಿದ್ದ ರೇಚೆಲ್‌ಳ ಪತ್ರವನ್ನು ಬ್ರೂಸ್‌ಗೆ ಕೊಡದೆ ವಾಪಸ್ ತೆಗೆದುಕೊಳ್ಳುತ್ತಾನೆ. ಪತ್ರದಲ್ಲಿ ಏನಿದೆ ಅಂತ ಒಂದು ಮಾತೂ ಹೇಳುವುದಿಲ್ಲ. ಇಡೀ ಸಿನಿಮಾದಲ್ಲಿ ನನಗೆ ಹೆಚ್ಚು ಇಷ್ಟ ಈ ಭಾಗ.

ಡೆಂಟ್‌ಗೆ ಜಾಗ ಸಿಕ್ಕಿಲ್ಲ ಅಂತೀರಲ್ಲ ಕತ್ತರಿ ಅಣ್ಣ, ಅವನ ನಾಣ್ಯದ ಹಿಂದೆ ಹೋಗಿ ನೋಡಿ. ಮೊದಲು ಕೋರ್ಟಿನಲ್ಲಿ ಕಾಣಿಸುತ್ತದೆ. ಕೇಸ್ ನಾನು ನಡೆಸಲಾ ನೀನು ನಡೆಸುತ್ತೀಯಾ ಅಂತ ರೇಚೆಲ್ ಎದುರು ಚಿಮ್ಮುತ್ತಾನೆ, ತಮಾಷೆ ಅಷ್ಟೇ. ಅಪ್ಪನ ನಾಣ್ಯ ಅದು. ಆಮೇಲೆ ಜೋಕರ್ ಕಡೆಯ ಒಬ್ಬನನ್ನು ಕಟ್ಟಿಹಾಕಿ ಅದೇ ನಾಣ್ಯ ಚಿಮ್ಮುತ್ತಾ ಬಂದೂಕು ತೋರಿಸುತ್ತಾನೆ. ನಮಗೆ ಎದೆ ಝಲ್ಲೆನ್ನುತ್ತದೆ. ನಾನೇ ಬ್ಯಾಟ್‌ಮನ್ ಅಂತ ಪೊಲೀಸರ ಜೊತೆ ಹೊರಡುವಾಗ ನಾಣ್ಯವನ್ನು ರೇಚೆಲ್ ಕಡೆಗೆ ಎಸೆಯುತ್ತಾನೆ. ಅವಳು ತಿರುಗಿಸಿ ನೋಡುತ್ತಾಳೆ. ಎರಡೂ ಕಡೆ ತಲೆ! ಅಂದರೆ ಅಷ್ಟು ದಿನ ಅವನು ಯಾವುದನ್ನೂ ಅದೃಷ್ಟಕ್ಕೆ ಬಿಟ್ಟಿರಲಿಲ್ಲ. ಕಟ್ಟಿಹಾಕಿದವನನ್ನು ಕೊಲ್ಲುವ ಯೋಚನೆಯೂ ಇರಲಿಲ್ಲ.

ಸ್ಫೋಟದಲ್ಲಿ ಆ ನಾಣ್ಯದ ಒಂದು ಕಡೆ ಸುಟ್ಟುಹೋಗುತ್ತದೆ. ಬ್ಯಾಟ್‌ಮನ್ ಅದನ್ನು ತಂದು ಡೆಂಟ್‌ನ ಮಂಚದ ಪಕ್ಕ ಇಡುತ್ತಾನೆ. ಡೆಂಟ್ ಎದ್ದು, ನಾಣ್ಯ ನೋಡಿ ಒಂದು ಕ್ಷಣ ಆಸೆಪಡುತ್ತಾನೆ, ತಿರುಗಿಸುತ್ತಾನೆ, ಕರಕಲು. ರೇಚೆಲ್ ಇಲ್ಲ ಅಂತ ಅವನಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ನೀವು ಕೇಳಿದ್ದು ಅವನು ಯಾವ ಗಳಿಗೆಯಲ್ಲಿ ಮುರಿದ ಅಂತ. ಇದೇ ಆ ಗಳಿಗೆ. ಇದಕ್ಕೆ ಬೇಕಾದ ತಯಾರಿ ಮೊದಲ ಅರ್ಧ ಗಂಟೆಯಲ್ಲೇ ಶುರುವಾಗಿದೆ.

ಕತ್ತರಿಪ್ರಯೋಗ

ನಾಣ್ಯದ ಮಾತು ಒಪ್ಪಿದೆ ತಂಗಿ, ಚೆನ್ನಾಗಿ ಹಿಡಿದಿದ್ದೀರಿ. ಅದು ನನ್ನ ವಾದಕ್ಕೇ ಬಲ ಕೊಡುತ್ತದೆ ನೋಡಿ. ತಯಾರಿ ಇಷ್ಟು ನಿಧಾನವಾಗಿ, ಇಷ್ಟು ಜಾಣತನದಿಂದ ಮಾಡಿದವರು ಫಲ ಬರುವ ಹೊತ್ತಿಗೆ ಓಡಿದರಲ್ಲ! ರೇಚೆಲ್‌ಗಾಗಿ ಅಳುವುದು ಒಂದು, ಮಗುವಿನ ತಲೆಗೆ ಬಂದೂಕು ಇಡುವುದು ಇನ್ನೊಂದು. ದುಃಖದಿಂದ ಅಲ್ಲಿಗೆ ದೂರ ಜಾಸ್ತಿ. ಅದನ್ನು ದಾಟಿಸುವುದು ಜೋಕರ್‌ನ ಒಂದು ಭಾಷಣ.

ಕಾಮಿಕ್ಸ್ ಮೇಷ್ಟ್ರು

ಮೂಲದ ಕಡೆಯಿಂದ ಒಂದು ಮಾತು. ಜೆಫ್ ಲೋಬ್ ಬರೆದು ಟಿಮ್ ಸೇಲ್ ಚಿತ್ರ ಬರೆದ 'ದಿ ಲಾಂಗ್ ಹ್ಯಾಲೋವೀನ್' ಕಾಮಿಕ್ಸ್ ಈ ಚಿತ್ರಕ್ಕೆ ದೊಡ್ಡ ಪ್ರೇರಣೆ. 1996-97ರಲ್ಲಿ 13 ಸಂಚಿಕೆಗಳಲ್ಲಿ ಬಂತು. ಬ್ಯಾಟ್‌ಮನ್, ಗಾರ್ಡನ್, ಡೆಂಟ್ ಮೂವರೂ ಮಾಳಿಗೆಯ ಮೇಲೆ ಕೈಜೋಡಿಸುವುದು ಅಲ್ಲಿಂದ ಬಂದದ್ದೇ.

ಅಲ್ಲಿ ಕಥೆ ಒಂದು ವರ್ಷ ನಡೆಯುತ್ತದೆ. ಸಂಚಿಕೆಗೊಂದು ಹಬ್ಬ, ಹಬ್ಬಕ್ಕೊಂದು ಕೊಲೆ. ಡೆಂಟ್ ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪವೇ ಕುಗ್ಗುತ್ತಾನೆ, ಹೆಂಡತಿಯ ಜೊತೆ ದೂರ ಆಗುತ್ತಾನೆ, ಅವನ ಮೇಲೆಯೇ ಅನುಮಾನ ಬರುವ ಹಾಗೆ ಮಾಡುತ್ತಾರೆ. ಕೋರ್ಟಿನಲ್ಲಿ ಮರೋನಿ ಮುಖಕ್ಕೆ ಆ್ಯಸಿಡ್ ಎರಚುವ ಹೊತ್ತಿಗೆ ಅವನು ಮುಕ್ಕಾಲು ಭಾಗ ಮುರಿದೇ ಇರುತ್ತಾನೆ. ಆ್ಯಸಿಡ್ ಬರೀ ನೆಪ.

ಸಿನಿಮಾಗೆ ಆ ಒಂದು ವರ್ಷ ಇಲ್ಲ. ಹಾಗಾಗಿ ಸ್ಫೋಟವೇ ಕಾರಣ ಆಗಬೇಕಾಯಿತು. ಕತ್ತರಿಯವರು ಕೇಳುತ್ತಿರುವುದು ಆ ವರ್ಷವನ್ನೇ ಅಂತ ನನಗೆ ಅನ್ನಿಸುತ್ತದೆ.

ಸ್ಕ್ರಿಪ್ಟ್ ಬರೆಯೋನು

ಹಾಗಾದರೆ ನೇರ ಪ್ರಶ್ನೆ. ಡೆಂಟ್‌ಗೆ ಟೈಮ್ ಕೊಡಬೇಕು ಅಂದ್ರೆ ಯಾವುದನ್ನು ತೆಗೀತೀರಿ? ಬರೀ ಸೇರಿಸುತ್ತಾ ಹೋದರೆ ಮೂರು ಗಂಟೆ ದಾಟುತ್ತದೆ.

ಬಾಲ್ಕನಿ ಸೀಟು

ಹಾಂಗ್‌ಕಾಂಗ್. ಕಣ್ಣು ಮುಚ್ಚಿ ತೆಗೆಯಿರಿ. ಬ್ಯಾಟ್‌ಮನ್ ಯಾಕೆ ಊರು ಬಿಟ್ಟು ಹೋಗಬೇಕು? ಇನ್ಯಾವುದೋ ಸ್ಪೈ ಸಿನಿಮಾದ ತುಣುಕು ಅಂಟಿಸಿದ ಹಾಗಿದೆ.

ಗಾಂಧಿನಗರದ ಅಸಿಸ್ಟೆಂಟ್

ಆಗಲ್ಲ ಅಣ್ಣ. ಹಾಂಗ್‌ಕಾಂಗ್ ತೆಗೆದರೆ ಗೂಂಡಾಗಳ ದುಡ್ಡು ನೋಡಿಕೊಳ್ಳುವ ಲಾವ್ ಸಿಗುವುದಿಲ್ಲ. ಲಾವ್ ಸಿಗದಿದ್ದರೆ ಗೂಂಡಾಗಳ ದುಡ್ಡಿನ ಲೆಕ್ಕ ಸಿಗುವುದಿಲ್ಲ, ಡೆಂಟ್ ಅಷ್ಟು ಜನರನ್ನು ಒಟ್ಟಿಗೆ ಕೋರ್ಟಿಗೆ ತರೋಕಾಗುವುದಿಲ್ಲ. ಗೂಂಡಾಗಳು ದಿಕ್ಕೆಟ್ಟು ಜೋಕರ್ ಕಾಲಿಗೆ ಬೀಳುವುದೂ ಇಲ್ಲ. ಫೋನ್‌ನಿಂದ ಕಟ್ಟಡದ ಒಳಗಿನ ನಕ್ಷೆ ಎಳೆಯುವ ಸೋನಾರ್ ಮೊದಲು ಬರುವುದೂ ಅಲ್ಲೇ. ಅದನ್ನೇ ಕೊನೆಯಲ್ಲಿ ಇಡೀ ಊರಿಗೆ ಹಾಕುತ್ತಾರೆ. ಇದು ಹಳೇ ಸ್ವೆಟರ್ ಇದ್ದ ಹಾಗೆ, ಒಂದು ನೂಲು ಎಳೆದರೆ ತೋಳೇ ಬಿಚ್ಚಿಕೊಳ್ಳುತ್ತದೆ.

ಚಿಕ್ಕದು ಮಾಡಬಹುದಿತ್ತು ಅಂದರೆ ಒಪ್ಪುತ್ತೇನೆ. ವಿಮಾನ ಬಂದು ಕೊಂಡಿ ಹಾಕಿ ಎತ್ತಿಕೊಂಡು ಹೋಗುವುದು ಬೇಕಿರಲಿಲ್ಲ.

ಡೆಟ್ರಾಯಿಟ್ ಕನ್ನಡಿಗ

ಚೇಸ್ ಕಡಿಮೆ ಮಾಡಬಹುದಿತ್ತು. 2011ರಲ್ಲಿ ಜಿಮ್ ಎಮರ್ಸನ್ ಅನ್ನುವ ಅಮೆರಿಕನ್ ವಿಮರ್ಶಕರು ಆ ಚೇಸನ್ನು ಶಾಟ್ ಶಾಟ್ ಆಗಿ ಬಿಡಿಸಿ ಒಂದು ವಿಡಿಯೊ ಮಾಡಿದ್ದರು. ಯಾವ ಗಾಡಿ ಯಾವ ದಿಕ್ಕಿನಲ್ಲಿ ಹೋಗುತ್ತಿದೆ, ಯಾರು ಯಾರ ಹಿಂದೆ ಇದ್ದಾರೆ ಅನ್ನುವುದು ಎಷ್ಟು ಕಡೆ ಗೊಂದಲ ಅಂತ ತೋರಿಸಿದ್ದರು. ಆಗ ಜೋರು ಜಗಳವೇ ಆಗಿತ್ತು. ಆ ವಿಡಿಯೊ ನೋಡಿದ ಮೇಲೆ ನನಗೂ ಆ ಸುರಂಗದಂತಹ ಕೆಳರಸ್ತೆಯಲ್ಲಿ ದಿಕ್ಕು ತಪ್ಪುತ್ತದೆ. ಆದರೆ ಕೊನೆಗೆ ಷಿಕಾಗೋದ ಲಾಸಾಲ್ ಸ್ಟ್ರೀಟ್‌ನಲ್ಲಿ ನಿಜವಾದ ಲಾರಿಯನ್ನೇ ಮೂತಿ ಮೇಲೆ ನಿಲ್ಲಿಸಿ ಉರುಳಿಸಿದ್ದಾರಲ್ಲ, ಆಗ ಮ್ಯೂಸಿಕ್ಕೇ ಇಲ್ಲ. ಬರೀ ಇಂಜಿನ್, ಕಬ್ಬಿಣದ ಸದ್ದು. ಗೊಂದಲ ಎಲ್ಲ ಮಾಫಿ.

ಹೊಸಬ 2008

ನನ್ನದೂ ಒಂದು. ಆಸ್ಪತ್ರೆ ಸೀನ್‌ನಲ್ಲಿ ಬಾಂಬ್ ಸಿಡಿಯದೆ ಕೈಕೊಟ್ಟಿತಂತೆ, ಹೀತ್ ಲೆಡ್ಜರ್ ಅಲ್ಲೇ ನಿಂತು ರಿಮೋಟ್ ಬಡಿದು ಬಡಿದು ಸ್ವಂತವಾಗಿ ಅಭಿನಯಿಸಿದರಂತೆ. ಅದಕ್ಕೇ ಅಷ್ಟು ಸಹಜ. ಚಿತ್ರಕಥೆ ಅಂತ ನೀವೆಲ್ಲ ತಲೆ ಕೆಡಿಸಿಕೊಳ್ಳುತ್ತಿದ್ದೀರಿ, ಒಳ್ಳೆಯ ನಟ ಸಿಕ್ಕರೆ ಸಾಕು ಅಲ್ವಾ?

ಗಾಂಧಿನಗರದ ಅಸಿಸ್ಟೆಂಟ್

ಅದು ಓಡಾಡುವ ಕಥೆ ಬ್ರದರ್. ಆ ನಿಲುಗಡೆ ಮೊದಲೇ ಪ್ಲಾನ್ ಮಾಡಿದ್ದು. ಷಿಕಾಗೋದಲ್ಲಿ ಹಳೇ ಮಿಠಾಯಿ ಫ್ಯಾಕ್ಟರಿಯ ಕಟ್ಟಡವನ್ನು ನಿಜಕ್ಕೂ ಉಡಾಯಿಸಿದ್ದು ಅದು. ಇನ್ನೊಂದು ಟೇಕ್ ಇಲ್ಲ. ಅಂಥ ಕಡೆ ನಟನ ಬೆನ್ನ ಹಿಂದೆ ಯಾವ ಸ್ಫೋಟ ಯಾವಾಗ ಅಂತ ಸೆಕೆಂಡ್ ಲೆಕ್ಕದಲ್ಲಿ ಬರೆದಿಟ್ಟಿರುತ್ತಾರೆ. ಅದೃಷ್ಟಕ್ಕೆ ಬಿಡುವುದಿಲ್ಲ.

ಲೆಡ್ಜರ್ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆಸ್ಕರ್ ಬರುವ ಹೊತ್ತಿಗೆ ಅವರೇ ಇರಲಿಲ್ಲ, 2008ರ ಜನವರಿಯಲ್ಲೇ ತೀರಿಕೊಂಡಿದ್ದರು. ಆದರೆ ಆ ನಿಲುಗಡೆ ಇರುವುದು ಓಟದ ಲೆಕ್ಕಕ್ಕೆ. ಸಣ್ಣ ಸ್ಫೋಟಗಳು, ಮೌನ, ಏನಾಯ್ತು ಅಂತ ಅವನು ತಿರುಗಿ ನೋಡುವುದು, ಜನ ನಗುವುದು, ಆಗ ದೊಡ್ಡದು. ನಗು ಬಂದ ಮೇಲೆ ಸಿಡಿದರೆ ಪೆಟ್ಟು ಜೋರು. ಈ ಸಿನಿಮಾಕ್ಕೆ ಕಾಯೋಕೂ ಬರುತ್ತದೆ. ಬೇಕಾದ ಕಡೆ ಕಾದಿದೆ.

ಸ್ಕ್ರಿಪ್ಟ್ ಬರೆಯೋನು

2018ರ 'ಇನ್ಫಿನಿಟಿ ವಾರ್' ಜೊತೆ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅದೂ 149 ನಿಮಿಷ, ಪಾತ್ರಗಳು ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಆದರೆ ಆಟ ಸುಲಭ. ಆರು ಕಲ್ಲು, ಥಾನೋಸ್‌ಗೆ ಆರೂ ಬೇಕು. ಕಲ್ಲು ಸಿಕ್ಕಿದಾಗಲೆಲ್ಲ ಒಂದು ಅಧ್ಯಾಯ ಮುಗಿದ ಹಾಗೆ. ಎಷ್ಟು ದೂರ ಬಂದೆವು ಅಂತ ಪ್ರೇಕ್ಷಕನಿಗೆ ಯಾವಾಗಲೂ ಗೊತ್ತಿರುತ್ತದೆ. ಚಿಟಿಕೆ ಹೊಡೆದ, ಜನ ಬೂದಿಯಾದರು, ಮುಗೀತು. ಎರಡನೇ ಕ್ಲೈಮ್ಯಾಕ್ಸ್ ಅಂತ ಇಲ್ಲವೇ ಇಲ್ಲ.

'ಡಾರ್ಕ್ ನೈಟ್'ನಲ್ಲಿ ಎಷ್ಟು ಬಾಕಿ ಇದೆ ಅಂತ ಗೊತ್ತಾಗುವುದಿಲ್ಲ. ಬಾಲ್ಕನಿಯವರ ಲ್ಯಾಗ್ ಅಲ್ಲೇ ಇರುವುದು.

ಕಾಮಿಕ್ಸ್ ಮೇಷ್ಟ್ರು

ಹೋಲಿಸುವುದಾದರೆ ಮೈಕಲ್ ಮನ್ ಅವರ 1995ರ 'ಹೀಟ್' ಜೊತೆ ಹೋಲಿಸಿ. ನೋಲನ್ ಅವರೇ ಅದರ ಪ್ರಭಾವ ಹೇಳಿಕೊಂಡಿದ್ದಾರೆ. ಅದರಲ್ಲಿದ್ದ ವಿಲಿಯಂ ಫಿಕ್ಟ್ನರ್ ಇಲ್ಲಿ ಬ್ಯಾಂಕ್ ಮ್ಯಾನೇಜರ್. 170 ನಿಮಿಷದ ಸಿನಿಮಾ. ಇಡೀ ಊರಿನ ಕ್ರೈಮ್ ಕಥೆಯೇ. ಆದರೆ ಪೊಲೀಸ್ ಮತ್ತು ಕಳ್ಳ ಎದುರುಬದುರು ಕೂತು ಕಾಫಿ ಕುಡಿಯುತ್ತಾರೆ, ಸುಮ್ನೆ ಮಾತಾಡುತ್ತಾರೆ. ಕೆಳಗೆ ಟಿಕ್ ಟಿಕ್ ಅನ್ನುವ ಬಾಂಬ್ ಯಾವುದೂ ಇಲ್ಲ. 'ಡಾರ್ಕ್ ನೈಟ್'ನಲ್ಲಿ ಅದಕ್ಕೆ ಸಮನಾದದ್ದು ವಿಚಾರಣೆ ಸೀನ್. ಅಲ್ಲೂ ಅರ್ಧದಲ್ಲಿ ಗಡುವು ಬಂದು ಕೂರುತ್ತದೆ.

ಬಾಲ್ಕನಿ ಸೀಟು

ಸರಿ, ಹಾಂಗ್‌ಕಾಂಗ್ ಬಿಟ್ಟೆ. ಟೂ-ಫೇಸ್‌ನನ್ನೇ (ಅಂದರೆ ಮುಖ ಸುಟ್ಟ ಮೇಲಿನ ಡೆಂಟ್) ಮೂರನೇ ಭಾಗಕ್ಕೆ ಉಳಿಸಿಕೊಳ್ಳಬಹುದಿತ್ತಲ್ಲ? ಡೆಂಟ್ ಆಸ್ಪತ್ರೆಯಿಂದ ಮಾಯ ಆದ, ಅಲ್ಲಿಗೆ ನಿಲ್ಲಿಸಿ. ಹಡಗು ಉಳಿಯಿತು, ಜೋಕರ್ ಸಿಕ್ಕಿಬಿದ್ದ, ಶುಭಂ. 2012ರ ಮೂರನೇ ಭಾಗಕ್ಕೂ ಒಳ್ಳೆಯ ವಿಲನ್ ಸಿಗುತ್ತಿದ್ದ. ಬಾಂಬ್ ಇಟ್ಟು ತಿಂಗಳುಗಟ್ಟಲೆ ಕಾಯುವ ಆ ಕಥೆಗಿಂತ ವಾಸಿ.

ಮಲೆನಾಡ ಹುಡುಗಿ

ಅಯ್ಯೋ, ಹಾಗೆ ಮಾಡಿದರೆ ಸಿನಿಮಾದ ಜೀವವೇ ಹೋಯ್ತು.

ಹಡಗಿನಲ್ಲಿ ಏನಾಗುತ್ತದೆ ನೋಡಿ. ಒಂದರಲ್ಲಿ ಕೈದಿಗಳು, ಇನ್ನೊಂದರಲ್ಲಿ ಊರಿನ ಜನ. ಒಬ್ಬರ ಬಾಂಬಿನ ಗುಂಡಿ ಇನ್ನೊಬ್ಬರ ಕೈಯಲ್ಲಿ. ಜನರ ಹಡಗಿನಲ್ಲಿ ಚೀಟಿ ಬರೆದು ವೋಟು ಹಾಕುತ್ತಾರೆ. ಗೆಲ್ಲುವುದು ಉಡಾಯಿಸಿ ಅನ್ನುವ ಪಕ್ಷವೇ! ಒಬ್ಬ ಎದ್ದು ಬಂದು ನಾನು ಒತ್ತುತ್ತೇನೆ ಅಂತ ಪೆಟ್ಟಿಗೆ ಹಿಡಿದುಕೊಳ್ಳುತ್ತಾನೆ, ಬೆರಳು ಹೋಗುವುದಿಲ್ಲ. ವಾಪಸ್ ಇಟ್ಟು ಕೂರುತ್ತಾನೆ. ಆ ಕಡೆ ದಾಂಡಿಗ ಕೈದಿ, ನೀನು ಹತ್ತು ನಿಮಿಷ ಮೊದಲೇ ಮಾಡಬೇಕಿದ್ದನ್ನು ನಾನು ಮಾಡುತ್ತೇನೆ ಕೊಡು ಅನ್ನುವ ಅರ್ಥದಲ್ಲಿ ಅಧಿಕಾರಿಯಿಂದ ಅದನ್ನು ಇಸಿದುಕೊಂಡು ಕಿಟಕಿಯಿಂದ ನೀರಿಗೆ ಎಸೆಯುತ್ತಾನೆ. ಹೆಸರಿಲ್ಲದವರಾದರೆ ಏನಂತೆ ಬಾಲ್ಕನಿ ಅಣ್ಣ? ಹೆಸರಿದ್ದಿದ್ದರೆ ಇವರು ಒಳ್ಳೆಯವರು ಅಂತ ನಮಗೆ ಮೊದಲೇ ಗೊತ್ತಾಗುತ್ತಿತ್ತು. ಭಯವೇ ಇರುತ್ತಿರಲಿಲ್ಲ.

ಅಲ್ಲಿಗೆ ನಿಲ್ಲಿಸಿದರೆ ಜೋಕರ್ ಸೋತ. ಆದರೆ ಅವನು ತಲೆಕೆಳಗಾಗಿ ನೇತಾಡುತ್ತಾ ನಗುವುದು ಡೆಂಟ್ ನೆನಪಾಗಿ. ಮಾಮೂಲಿ ಜನ ಕೆಡಲಿಲ್ಲ, ಊರಿನ ಅತ್ಯುತ್ತಮ ಮನುಷ್ಯ ಕೆಟ್ಟ. ಎರಡನೆಯದು ಹೊರಗೆ ಬಂದರೆ ಮೊದಲನೆಯದೂ ಉಳಿಯುವುದಿಲ್ಲ. ಅದಕ್ಕೇ ಬ್ಯಾಟ್‌ಮನ್ ಕೊಲೆಗಳನ್ನು ತನ್ನ ತಲೆಗೆ ಹಾಕಿಕೊಂಡು ಓಡುವುದು. ಎರಡೂ ಕ್ಲೈಮ್ಯಾಕ್ಸ್ ಪಕ್ಕಪಕ್ಕದಲ್ಲೇ ಇರಬೇಕು. ನಾಲ್ಕು ವರ್ಷ ಬಿಟ್ಟು ಮುಂದಿನ ಸಿನಿಮಾದಲ್ಲಿ ತೋರಿಸಿದರೆ ಯಾರಿಗೆ ನಾಟುತ್ತದೆ?

ಕತ್ತರಿಪ್ರಯೋಗ

ಇದನ್ನು ಪೂರ್ತಿ ಒಪ್ಪುತ್ತೇನೆ. ಎರಡೂ ಬೇಕು, ಪಕ್ಕಪಕ್ಕದಲ್ಲೇ ಬೇಕು. ನನ್ನ ಜಗಳ ಪಾಲು ಹಂಚಿಕೆಯದ್ದು. ಹಡಗಿನ ಸೀನ್‌ನಿಂದ ಒಂದು ಸೆಕೆಂಡೂ ಬೇಡ. ಹಡಗಿಗೂ ಡೆಂಟ್‌ಗೂ ಮಧ್ಯೆ ನುಗ್ಗಿರುವ, ಜೋಕರ್ ಒತ್ತೆಯಾಳುಗಳನ್ನು ಇಟ್ಟ ಆ ಕಟ್ಟಡದ ಹೊಡೆದಾಟ ಕೊಡಿ ಸಾಕು. ಒತ್ತೆಯಾಳುಗಳಿಗೆ ಕೋಡಂಗಿ ಮುಖವಾಡ, ಜೋಕರ್ ಕಡೆಯವರಿಗೆ ಡಾಕ್ಟರ್ ಬಟ್ಟೆ. ಉಪಾಯ ಚೆನ್ನಾಗಿದೆ, ಆದರೆ ನೀಲಿ ಸೋನಾರ್ ಬೆಳಕಿನಲ್ಲಿ ಯಾರು ಯಾರಿಗೆ ಹೊಡೆಯುತ್ತಿದ್ದಾರೆ ಅಂತ ಇವತ್ತಿಗೂ ನನಗೆ ಸರಿಯಾಗಿ ಕಾಣುವುದಿಲ್ಲ.

ಅದನ್ನು ಅರ್ಧ ಮಾಡಿ. ಉಳಿದ ಟೈಮಿನಲ್ಲಿ ಡೆಂಟ್‌ನನ್ನು ಸುಟ್ಟುಹೋದ ಆ ಜಾಗಕ್ಕೆ ಒಬ್ಬನೇ ಕಳಿಸಿ. ಗಾರ್ಡನ್ ಮನೆಗೆ ಫೋನ್ ಮಾಡಿಸುವ ಮೊದಲು ಅವನು ಅಲ್ಲಿ ಏನು ಮಾಡಿದ? ನಾಣ್ಯವನ್ನು ತನ್ನ ಮೇಲೇ ಚಿಮ್ಮಿ ನೋಡಿಕೊಂಡನಾ? ಒಂದು ಶಾಟ್ ಇದ್ದಿದ್ದರೂ ಸಾಕಾಗುತ್ತಿತ್ತು.

ಗಾಂಧಿನಗರದ ಅಸಿಸ್ಟೆಂಟ್

ಸಾರ್, ಆ ಕಟ್ಟಡ ಮುಟ್ಟೋಕೆ ಆಗಲ್ಲ. ಅಲ್ಲಿ ಬ್ಯಾಟ್‌ಮನ್ ಯಾರಿಗೆ ಹೊಡೆಯುತ್ತಾನೆ? ಪೊಲೀಸರಿಗೆ. ಅವರು ಕೋಡಂಗಿ ವೇಷದಲ್ಲಿರುವ ಒತ್ತೆಯಾಳುಗಳಿಗೆ ಗುಂಡು ಹಾರಿಸದ ಹಾಗೆ ಅವರನ್ನೇ ಕಟ್ಟಿ ಕಿಟಕಿಯಿಂದ ನೇತುಹಾಕುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಅದೇ ಪೊಲೀಸರು ನಾಯಿ ಬಿಟ್ಟುಕೊಂಡು ಅವನ ಹಿಂದೆ ಬೀಳಬೇಕಲ್ಲ. ಬ್ಯಾಟ್‌ಮನ್ ಕೊಲೆಗಾರ ಅಂದರೆ ಊರು ನಂಬಬೇಕಾದರೆ, ಅವನು ಪೊಲೀಸರ ಮೇಲೆ ಕೈ ಮಾಡಿದ್ದು ಅದೇ ರಾತ್ರಿ ಆಗಿರಬೇಕು.

ಸ್ಕ್ರಿಪ್ಟ್ ಬರೆಯೋನು

ಇದು ಹೊಳೆದೇ ಇರಲಿಲ್ಲ! ಎಲ್ಲದಕ್ಕೂ ಒಂದು ಕೊಂಡಿ ಇಟ್ಟಿದ್ದಾರೆ ಮಹಾನುಭಾವರು. ಅದಕ್ಕೇ ಎಲ್ಲಿಯೂ ಜಾಗ ಇಲ್ಲ.

ಕತ್ತರಿಪ್ರಯೋಗ

ಹಾಗಾದರೆ ರೀಸ್ ಟ್ರ್ಯಾಕ್‌ನಿಂದ ಎರಡು ನಿಮಿಷ ಕೊಡಿ. ಟಿವಿ ಸ್ಟುಡಿಯೊದ ಮಾತು ಅಷ್ಟುದ್ದ ಬೇಡ. ಡೆಂಟ್‌ಗೆ ಎರಡು ನಿಮಿಷ ಸಾಕು.

ಬಾಲ್ಕನಿ ಸೀಟು

ತಗೊಳ್ಳಿ, ಕೊಟ್ಟೆ. ಆದರೆ ಬ್ರೂಸ್ ತನ್ನ ಲ್ಯಾಂಬೋರ್ಗಿನಿಯನ್ನು ಬೇಕಂತಲೇ ಅಡ್ಡ ತಂದು ಗುದ್ದಿಸಿಕೊಂಡು, ಏನೂ ಗೊತ್ತಿಲ್ಲದವನ ಹಾಗೆ ಮುಖ ಮಾಡುತ್ತಾನಲ್ಲ, ಅದನ್ನು ಮಾತ್ರ ಮುಟ್ಟಬೇಡಿ. ಆ ಸೆಕೆಂಡ್ ಹಾಫ್‌ನಲ್ಲಿ ನಾನು ನಕ್ಕಿದ್ದೇ ಅಲ್ಲಿ.